ಕೆರೆಯನ್ನು ಮರೆತ ಪಾಠ

ಎಂಟನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ‘ಕಲ್ಲಿದ್ದಲು ಮತ್ತು ಪೆಟ್ರೋಲಿಯಂ’ ಅಂತ ಒಂದು ಪಾಠ ಇದೆ. ಎನ್‌ಸಿಇಆರ್‌ಟಿಯವರು 2008ರಲ್ಲಿ ತಂದ ಪುಸ್ತಕದ್ದು. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರ ಅನುವಾದವನ್ನೇ ಓದಿದ್ದಾರೆ. ಪೆಟ್ರೋಲಿಯಂ ಎಲ್ಲಿಂದ ಬಂತು ಅನ್ನೋದಕ್ಕೆ ಅದರ ಉತ್ತರ ಚಿಕ್ಕದು: ಸಮುದ್ರದ ಜೀವಿಗಳು ಸತ್ತು ತಳ ಸೇರಿದವು, ಮೇಲೆ ಮರಳು, ಜೇಡಿಮಣ್ಣು ಕೂತಿತು, ಗಾಳಿಯಿಲ್ಲದೆ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಎಣ್ಣೆಯಾದವು. ಎರಡು ಮಾರ್ಕಿಗೆ ಇಷ್ಟು ಸಾಕು. ನನ್ನ ತಕರಾರು ಇರೋದು ಆ ‘ಸಮುದ್ರ’ ಅನ್ನೋ ಒಂದೇ ಪದದ ಮೇಲೆ.

ಪಾಠ ಪೂರ್ತಿ ಕೆಟ್ಟದ್ದೇನಲ್ಲ. ಜಗತ್ತಿನ ಎಣ್ಣೆಯಲ್ಲಿ ದೊಡ್ಡ ಪಾಲು ಸಮುದ್ರದ ಕೆಸರಿನಿಂದಲೇ ಬಂದಿದ್ದು. ಕಲ್ಲಿದ್ದಲಿನಿಂದ ಕೋಕ್, ಟಾರು, ಅನಿಲ ಸಿಗೋದನ್ನೂ ಪಾಠ ಚೆನ್ನಾಗೇ ಹೇಳುತ್ತೆ. ಆದರೆ ದೊಡ್ಡ ಪಾಲು ಅನ್ನೋದು ಬೇರೆ, ಎಲ್ಲವೂ ಅನ್ನೋದು ಬೇರೆ. ಸಮುದ್ರ ಇಲ್ಲದಿದ್ದರೆ ಎಣ್ಣೆ ಇಲ್ಲ ಅಂತ ನಂಬಿದವರು ಬರೀ ಶಾಲಾ ಮಕ್ಕಳಲ್ಲ. ಚೀನಾದಲ್ಲಿ ಸಮುದ್ರದ ಪದರಗಳು ಕಡಿಮೆ, ಹಾಗಾಗಿ ಅಲ್ಲಿ ಹೆಚ್ಚು ಎಣ್ಣೆ ಸಿಗಲ್ಲ ಅಂತ 1920ರ ದಶಕದಲ್ಲಿ ದೊಡ್ಡ ದೊಡ್ಡ ಭೂವಿಜ್ಞಾನಿಗಳೇ ಹೇಳಿದ್ದರು. 1959ರಲ್ಲಿ ದಾಚಿಂಗ್‌ನಲ್ಲಿ ಎಣ್ಣೆ ಚಿಮ್ಮಿತು. ಅದು ಹುಟ್ಟಿದ್ದು ಒಂದು ಪ್ರಾಚೀನ ಸರೋವರದ ತಳದಲ್ಲಿ.

ಬ್ರೆಜಿಲ್‌ನ ಕತೆ ಇನ್ನೂ ಮಜವಾಗಿದೆ. 2006ರಲ್ಲಿ ಅಲ್ಲಿ ಸಿಕ್ಕಿದ ಟುಪಿ ತೈಲಕ್ಷೇತ್ರ ಇರೋದು ಆಳ ಸಮುದ್ರದ ಕೆಳಗೆ, ದಪ್ಪನೆಯ ಉಪ್ಪಿನ ಪದರದ ಅಡಿ. ನಮ್ಮ ಪುಸ್ತಕ ಓದಿದವರು ‘ನೋಡಿ, ಸಮುದ್ರವೇ!’ ಅಂತಾರೆ. ಆದರೆ ಆ ಎಣ್ಣೆಯೂ ಸರೋವರದ್ದೇ. ಆಫ್ರಿಕಾ, ದಕ್ಷಿಣ ಅಮೆರಿಕ ಎರಡೂ ಬೇರೆಯಾಗುತ್ತಿದ್ದ ಕಾಲದಲ್ಲಿ ಬಿರುಕಿನ ತಗ್ಗುಗಳಲ್ಲಿ ನಿಂತ ನೀರು ಅದು. ಅಟ್ಲಾಂಟಿಕ್ ಒಳಗೆ ಬಂದಿದ್ದು ಆಮೇಲೆ.

ಅಷ್ಟು ದೂರ ಯಾಕೆ, ರಾಜಸ್ಥಾನದ ಬಾಡಮೇರ್ ಇದೆಯಲ್ಲ. 2004ರಲ್ಲಿ ಅಲ್ಲಿ ‘ಮಂಗಲಾ’ ಕ್ಷೇತ್ರ ಸಿಕ್ಕಿತು, 2009ರ ಆಗಸ್ಟ್‌ನಲ್ಲಿ ಉತ್ಪಾದನೆ ಶುರುವಾಯ್ತು. ಮರುಭೂಮಿಯಲ್ಲಿ ಸಿಕ್ಕಿದ ಈ ಎಣ್ಣೆ ಹುಟ್ಟಿದ್ದೂ ಸರೋವರದ ಕೆಸರಿನಲ್ಲಿ. ಮೇಣ ಎಷ್ಟು ತುಂಬಿದೆ ಅಂದ್ರೆ ತಣ್ಣಗಾದರೆ ತುಪ್ಪದ ಹಾಗೆ ಗಟ್ಟಿಯಾಗುತ್ತೆ. ಅದಕ್ಕೇ 600 ಕಿಲೋಮೀಟರಿಗೂ ಉದ್ದದ ಪೈಪನ್ನು ದಾರಿಯುದ್ದಕ್ಕೂ ಬಿಸಿ ಮಾಡುತ್ತಾ ಗುಜರಾತ್ ಕರಾವಳಿಗೆ ಕಳಿಸ್ತಾರೆ. ಭಾರತದಲ್ಲಿ ಎಣ್ಣೆ ಎಲ್ಲೆಲ್ಲಿದೆ ಅಂತ ಪಾಠ ಕೊಡೋ ಪಟ್ಟಿಯಲ್ಲಿ ಅಸ್ಸಾಂ, ಗುಜರಾತ್, ಮುಂಬೈ ಹೈ, ಗೋದಾವರಿ–ಕೃಷ್ಣಾ ಇವೆ; ರಾಜಸ್ಥಾನ ಇಲ್ಲ. 2008ರ ಪುಸ್ತಕ, ಸರಿ. ಆದರೆ ಮರುಮುದ್ರಣ ಆಗ್ತಾನೇ ಬಂತಲ್ಲ?

ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ಕೋಟಿಗಟ್ಟಲೆ ವರ್ಷದ ಹಿಂದೆ ಅಲ್ಲಿದ್ದಿದ್ದು ಸಮುದ್ರವೋ ಸರೋವರವೋ ಅಂತ ಹೇಗೆ ಗೊತ್ತಾಗುತ್ತೆ? ಪಾಠ ಈ ಪ್ರಶ್ನೆಯನ್ನೇ ಎತ್ತಲ್ಲ. ಉತ್ತರ ಎಣ್ಣೆಯೊಳಗೇ ಇದೆ. ಜೀವಿ ಸತ್ತರೂ ಅದರ ಕೆಲವು ಅಣುಗಳ ಇಂಗಾಲದ ಚೌಕಟ್ಟು ಹಾಗೇ ಉಳಿಯುತ್ತೆ. ಅದಕ್ಕೆ ಬಯೋಮಾರ್ಕರ್ ಅಂತಾರೆ; ಆಸ್ಪತ್ರೆಯ ರಕ್ತಪರೀಕ್ಷೆಯದ್ದಲ್ಲ, ಕಲ್ಲಿನದ್ದು. 1930ರ ದಶಕದಲ್ಲಿ ಆಲ್‌ಫ್ರೆಡ್ ಟ್ರೈಬ್ಸ್ ಅನ್ನೋ ಜರ್ಮನ್ ರಸಾಯನಶಾಸ್ತ್ರಜ್ಞ ಕಚ್ಚಾತೈಲದಲ್ಲಿ ಎಲೆಹಸಿರಿನ ಅವಶೇಷ ತೋರಿಸಿಕೊಟ್ಟ. ಎಣ್ಣೆಗೆ ಜೀವದ ಮೂಲ ಇದೆ ಅನ್ನೋದಕ್ಕೆ ಅಣುಗಳ ಸಾಕ್ಷಿ ಸಿಕ್ಕಿದ್ದು ಹಾಗೆ.

ಸರೋವರಕ್ಕೂ ಅದರದೇ ಗುರುತುಗಳಿವೆ. ಬಾಟ್ರಿಯೋಕಾಕಸ್ ಅನ್ನೋ ಹಸಿರು ಪಾಚಿ ಹೆಚ್ಚಾಗಿ ಸಿಹಿನೀರಿನಲ್ಲಿ, ಅರೆ ಉಪ್ಪುನೀರಿನಲ್ಲಿ ಬೆಳೆಯುತ್ತೆ. ಅದು ಬಿಟ್ಟುಹೋದ ಬಾಟ್ರಿಯೋಕಾಕೇನ್ ಅನ್ನು 1980ರಲ್ಲಿ ಸುಮಾತ್ರಾದ ಕಚ್ಚಾತೈಲದಲ್ಲಿ ಗುರುತಿಸಿದರು. ಗ್ಯಾಮಾಸಿರೇನ್ ಇನ್ನೊಂದು ಸುಳಿವು ಕೊಡುತ್ತೆ: ನೀರು ಎರಡು ಪದರವಾಗಿ ನಿಂತಿತ್ತು, ಕೆಳಗಿನದಕ್ಕೆ ಆಮ್ಲಜನಕ ಇರಲಿಲ್ಲ. ಕೆಲವು ಸಲ ಇಲ್ಲದಿರೋದೇ ಸಾಕ್ಷಿ. ಸಮುದ್ರದ ಪಾಚಿಗಳಿಂದ ಬರುವ 30 ಇಂಗಾಲದ ಒಂದು ಬಗೆಯ ಸ್ಟೀರೇನ್ ಎಣ್ಣೆಯಲ್ಲಿ ಕಾಣದಿದ್ದರೆ ಸರೋವರದ ಅನುಮಾನ ಗಟ್ಟಿಯಾಗುತ್ತೆ. ಸಿಹಿನೀರಿನಲ್ಲಿ ಸಲ್ಫೇಟ್ ಕಡಿಮೆ, ಹಾಗಾಗಿ ಇಂಥ ಎಣ್ಣೆಯಲ್ಲಿ ಗಂಧಕವೂ ಸಾಮಾನ್ಯವಾಗಿ ಕಡಿಮೆ.

ಆದರೆ ಒಂದೇ ಅಣು ನೋಡಿ ತೀರ್ಪು ಕೊಡೋ ಹಾಗಿಲ್ಲ. ಗ್ಯಾಮಾಸಿರೇನ್ ಉಪ್ಪು ಹೆಚ್ಚಿರೋ ಸಮುದ್ರದ ಕೆಸರಿನಲ್ಲೂ ಸಿಗುತ್ತೆ. ನಾವು ಸರ್ವರ್ ಬಿದ್ದಾಗ ಲಾಗಿನ ಒಂದು ಸಾಲು ಹಿಡಿದುಕೊಂಡು ಕಾರಣ ಹೇಳಲ್ಲ, ನಾಲ್ಕು ಕಡೆ ತಾಳೆ ನೋಡ್ತೀವಿ. ಇದೂ ಅದೇ ಥರದ ಕೆಲಸ. ವಿಜ್ಞಾನ ಅಂದ್ರೆ ಈ ತಾಳೆ ನೋಡೋದು. ಪಾಠದಲ್ಲಿ ಇಲ್ಲದಿರೋದೂ ಇದೇ.

‘ಎಂಟನೇ ಕ್ಲಾಸಿನ ಮಕ್ಕಳಿಗೆ ಸ್ಟೀರೇನ್ ಯಾಕ್ರೀ?’ ಅಂತ ನೀವು ಕೇಳಬಹುದು. ಬೇಡ. ಆದರೆ ಭದ್ರಾವತಿ ಸೀಮೆಯ ಹುಡುಗಿಗೆ ಕೆರೆ ಗೊತ್ತು. ಬೇಸಿಗೆಯಲ್ಲಿ ಹೂಳು ತೆಗೆದು ತೋಟಕ್ಕೆ ಹೊಡೀತಾರೆ. ಮೇಲೆ ಕಂದು, ಅಗೆದರೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಆ ಕಪ್ಪು ಯಾಕೆ ಬಂತು ಅಂತ ಕೇಳಿದರೆ ಪಾಠದ ಅರ್ಧ ಅವಳೇ ಹೇಳ್ತಾಳೆ: ಕೆಳಗೆ ಗಾಳಿ ಇಲ್ಲ, ಸತ್ತಿದ್ದು ಪೂರ್ತಿ ಕರಗಿಲ್ಲ. ಉಳಿದರ್ಧ ಅವಳ ಊರಲ್ಲೇ ಇದೆ. 1923ರಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ ಮಲೆನಾಡಿನ ಕಟ್ಟಿಗೆಯನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಇದ್ದಿಲು ಕುಲುಮೆಗೆ ಹೋಗುತ್ತಿತ್ತು. ಹೊಗೆ ತಣಿಸಿದರೆ ಟಾರು, ಮರದ ಆಲ್ಕೋಹಾಲ್ ಸಿಗುತ್ತಿತ್ತು. ಸರೋವರದ ಕೆಸರಿಗೂ ಹೀಗೇ: ಕೆಲವು ಕಿಲೋಮೀಟರ್ ಆಳ, ನೂರು ಡಿಗ್ರಿ ಆಸುಪಾಸಿನ ಕಾವು, ಅವಸರವಿಲ್ಲದ ಕಾಲ.

ನಮ್ಮಲ್ಲಿ ಎಣ್ಣೆ ಇದೆಯಾ ಅಂತಲೂ ಆ ಹುಡುಗಿ ಕೇಳ್ತಾಳೆ, ಕೇಳಲಿ. ಶಿವಮೊಗ್ಗದ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಕುಂಸಿಯ ಹತ್ತಿರ ಆ ಕಾಲದ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಪದರಗಳಿವೆ, ಆಕಾರ ಉಳಿದಿದೆ. ಆದರೆ ಅಷ್ಟು ಬೆಂದ ಕಲ್ಲಿನಲ್ಲಿ ಎಣ್ಣೆಯೂ ಉಳಿಯಲ್ಲ, ಬಯೋಮಾರ್ಕರೂ ಉಳಿಯಲ್ಲ. ‘ಇಲ್ಲ’ ಅನ್ನೋದಕ್ಕೂ ಕಾರಣ ಇರುತ್ತೆ ಅಂತ ಅವಳಿಗೆ ಗೊತ್ತಾದರೆ ಅದೇ ಒಂದು ಪಾಠ.

ಹಾಗಾಗಿ ನಾನು ಕೇಳೋದು ಜಾಸ್ತಿ ಏನಲ್ಲ. ಆ ವಾಕ್ಯದಲ್ಲಿ ‘ಸಮುದ್ರ’ದ ಪಕ್ಕ ‘ಸರೋವರ’ ಸೇರಲಿ, ಪಟ್ಟಿಗೆ ಬಾಡಮೇರ್ ಬರಲಿ, ಅಭ್ಯಾಸದಲ್ಲಿ ಒಂದು ಪ್ರಶ್ನೆ ಇರಲಿ: ಇದು ನಮಗೆ ಹೇಗೆ ಗೊತ್ತಾಯಿತು? ಅಲ್ಲಿವರೆಗೆ, ಯಾರಾದರೂ ಹುಡುಗಿ ಉತ್ತರಪತ್ರಿಕೆಯಲ್ಲಿ ‘ಕೆರೆ’ ಅಂತ ಬರೆದರೆ, ಮೇಷ್ಟ್ರೇ, ಕೆಂಪು ಇಂಕು ಹಾಕೋ ಮುಂಚೆ ಯಾಕೆ ಹಾಗೆ ಬರೆದೆ ಅಂತ ಅವಳನ್ನೊಮ್ಮೆ ಕೇಳಿ.