ಪಟ್ಟಿ ಹಿಡಿದು ಪೆನಾಂಗಿಗೆ

ಮಲೇಷ್ಯಾದ ಪೆನಾಂಗ್ ಪ್ರವಾಸದ ಯೋಜನೆಗಳು ಈಗ ರೆಡಿಮೇಡ್ ಅಂಗಿಯ ಹಾಗೆ ಸಿಗುತ್ತವೆ. ಬೆಳಿಗ್ಗೆ ಹೆರಿಟೇಜ್ ವಾಕ್, ಮಧ್ಯಾಹ್ನ ಪೆನಾಂಗ್ ಹಿಲ್, ಸಂಜೆ ಗರ್ನಿ ಡ್ರೈವ್‌ನಲ್ಲಿ ಸ್ಟ್ರೀಟ್ ಫುಡ್, ರಾತ್ರಿ ಬಟು ಫೆರಿಂಘಿಯ ಬೀಚ್ ರೆಸಾರ್ಟ್‌ನಲ್ಲಿ ನಿದ್ದೆ. ಕೌಲಾಲಂಪುರ, ಗೆಂಟಿಂಗ್, ಲಂಕಾವಿಗಳ ನಡುವೆ ಉಳಿದ ಸಂದಿಯಲ್ಲಿ ಈ ದ್ವೀಪವನ್ನು ತುರುಕುವ ಪ್ಯಾಕೇಜುಗಳಂತೂ ಬೇಕಾದಷ್ಟಿವೆ. 2023ರ ಡಿಸೆಂಬರ್‌ನಿಂದ ಭಾರತೀಯರಿಗೆ ಮಲೇಷ್ಯಾಕ್ಕೆ ವೀಸಾದ ತೊಡಕಿಲ್ಲ. ಚೆನ್ನೈನಿಂದ ನೇರ ವಿಮಾನವೂ ಶುರುವಾಗಿದೆ. ಹೊರಡುವುದು ಸುಲಭವಾಯಿತು. ಯೋಜನೆ ಮಾತ್ರ ಹಳೆಯ ಅಳತೆಯದೇ.

ಈ ಯೋಜನೆಗಳ ಬಗ್ಗೆ ನನ್ನ ತಕರಾರು ಒಂದೇ. ಪರಂಪರೆಯನ್ನು ಒಂದು ಕಾಲಂನಲ್ಲೂ ಊಟವನ್ನು ಇನ್ನೊಂದರಲ್ಲೂ ಬರೆದು, ಬೆಳಗು ಅದಕ್ಕೆ, ಸಂಜೆ ಇದಕ್ಕೆ ಎಂದು ಹಂಚುತ್ತಾರೆ. ದ್ವೀಪದ ಹಳೆಯ ಪಟ್ಟಣ ಜಾರ್ಜ್‌ಟೌನ್‌ನಲ್ಲಿ ಈ ಎರಡನ್ನೂ ಬೇರ್ಪಡಿಸಿದರೆ ಎರಡೂ ಸಪ್ಪೆಯಾಗುತ್ತವೆ.

1786ರಲ್ಲಿ ಫ್ರಾನ್ಸಿಸ್ ಲೈಟ್ ಕೆಡಾದ ಸುಲ್ತಾನನಿಂದ ಈ ದ್ವೀಪವನ್ನು ಈಸ್ಟ್ ಇಂಡಿಯಾ ಕಂಪನಿಗೆ ಪಡೆದು, ಸುಂಕವಿಲ್ಲದ ಬಂದರು ಮಾಡಿದ. ಹೊಕಿಯೆನ್ ಚೀನೀಯರು, ತಮಿಳು ಮುಸ್ಲಿಮರು, ಚೆಟ್ಟಿಯಾರರು, ಸುಮಾತ್ರಾದ ಆಚೆ (Aceh) ಪ್ರಾಂತ್ಯದವರು, ಅರ್ಮೇನಿಯನ್ನರು, ಎಲ್ಲರೂ ವ್ಯಾಪಾರದ ಬೆನ್ನು ಹತ್ತಿ ಬಂದರು. ಹಿಂದಿನ ಪಿಟ್ ಸ್ಟ್ರೀಟಿನ ಆಸುಪಾಸಿನಲ್ಲಿ ಸ್ವಲ್ಪವೇ ನಡೆದರೆ 1818ರ ಸೇಂಟ್ ಜಾರ್ಜ್ ಚರ್ಚ್, ಕ್ವಾನ್ ಯಿನ್ ದೇವಿಯ ಗುಡಿ, 1833ರ ಮಾರಿಯಮ್ಮನ ದೇವಸ್ಥಾನ, ಕಪಿತಾನ್ ಕೆಲಿಂಗ್ ಮಸೀದಿ ಒಂದಾದ ಮೇಲೊಂದು ಎದುರಾಗುತ್ತವೆ. ಕರಪತ್ರಗಳು ಇದನ್ನು ಸೌಹಾರ್ದದ ಬೀದಿ ಎನ್ನುತ್ತವೆ. ಒಪ್ಪೋಣ. ಆದರೆ ಆ ಚರ್ಚಿನ ಗೋಡೆ ಎಬ್ಬಿಸಿದವರು ಭಾರತದಿಂದ ಸಾಗಿಸಿ ತಂದ ಕೈದಿಗಳು. ಅದನ್ನೂ ಅದೇ ಕರಪತ್ರದಲ್ಲಿ ಬರೆದಿದ್ದರೆ ಬೀದಿ ಇನ್ನಷ್ಟು ಅರ್ಥವಾಗುತ್ತಿತ್ತು.

ಅದೇ ಮಸೀದಿಯ ಸುತ್ತ ನಾಸಿ ಕಂದರ್ ಮಾರುತ್ತಾರೆ. ತಮಿಳು ಮುಸ್ಲಿಮರು ಹೆಗಲ ಮೇಲೆ ಅಡ್ಡೆ ಹೊತ್ತು, ಒಂದು ಬುಟ್ಟಿಯಲ್ಲಿ ಅನ್ನ, ಇನ್ನೊಂದರಲ್ಲಿ ಸಾರು ತುಂಬಿಕೊಂಡು, ಬಂದರಿನ ಕೂಲಿಗಳಿಗೆ ಬಡಿಸುತ್ತಿದ್ದ ಊಟ ಅದು. ಈಗ ಅಡ್ಡೆ ಹೋಗಿ ಗಾಜಿನ ಕಪಾಟು ಬಂದಿದೆ. ಮೀನು, ಕೋಳಿ, ಬೆಂಡೆಕಾಯಿ, ಮೊಟ್ಟೆ ಯಾವುದನ್ನು ತೋರಿಸಿದರೂ ಅನ್ನದ ಮೇಲೆ ಹಾಕಿ, ಮೂರ್ನಾಲ್ಕು ಬಗೆಯ ಸಾರನ್ನು ಒಂದರ ಮೇಲೊಂದು ಸುರಿಯುತ್ತಾರೆ. ಬೆಳಿಗ್ಗೆ ಮಸೀದಿಯ ಫೋಟೊ ತೆಗೆದು, ಸಂಜೆ ಹತ್ತು ಕಿಲೋಮೀಟರ್ ಆಚೆ ಯಾವುದೋ ಫುಡ್ ಕೋರ್ಟಿನಲ್ಲಿ ಇದೇ ನಾಸಿ ಕಂದರ್ ತಿನ್ನುವವನಿಗೆ ಆ ಮಸೀದಿ ಬರೀ ಕಟ್ಟಡ, ಈ ಊಟ ಬರೀ ಖಾರ. ಇಲ್ಲಿನ ಇನ್ನೊಂದು ಹೆಸರುವಾಸಿ ಊಟ ಆಸಮ್ ಲಕ್ಸಾ ಎಂಬ ಹುಳಿ ಮೀನುಸಾರು. ಬಂಗುಡೆ ಜಾತಿಯ ಮೀನು, ಅನಾನಸ್, ಪುದೀನ, ದಪ್ಪ ಅಕ್ಕಿ ಶಾವಿಗೆ, ಮೇಲೊಂದು ಚಮಚ ಕಪ್ಪು ಸೀಗಡಿ ಪಾಕ. ಅದಕ್ಕೆ ಹುಳಿ ಕೊಡಲು ಹುಣಸೆಯ ಜೊತೆ ಬಳಸುವ ಒಣ ಹೋಳು ನಮ್ಮ ಮಲೆನಾಡಿನ ಉಪ್ಪಾಗೆಯ ಕುಲದ್ದೇ. ಕರಾವಳಿಯ ನಾಲಿಗೆಗೆ ಅದರ ಗುರುತು ಹತ್ತಲು ಹೆಚ್ಚು ಹೊತ್ತು ಬೇಡ.

ಇನ್ನು ಗೋಡೆಚಿತ್ರಗಳು. 2012ರಲ್ಲಿ ಲಿಥುವೇನಿಯಾದ ಕಲಾವಿದ ಅರ್ನೆಸ್ಟ್ ಜಕಾರೆವಿಚ್ ಅರ್ಮೇನಿಯನ್ ಸ್ಟ್ರೀಟಿನ ಗೋಡೆಯೊಂದರಲ್ಲಿ ಇಬ್ಬರು ಮಕ್ಕಳನ್ನು ಬರೆದು, ನಿಜವಾದ ಸೈಕಲ್ಲೊಂದನ್ನು ಅವರ ಕೆಳಗೆ ಜೋಡಿಸಿದ. ಚೆಲುವಾದ ಕೆಲಸ, ಅನುಮಾನವಿಲ್ಲ. ಆದರೆ ಎಲ್ಲ ಯೋಜನೆಗಳೂ ಅದನ್ನೇ ಪರಂಪರೆಯ ಮೊದಲ ಸಾಲಿನಲ್ಲಿ ಬರೆದು, ಬಿಸಿಲಲ್ಲಿ ಸರದಿ ನಿಲ್ಲಿಸುತ್ತವೆ. ಯುನೆಸ್ಕೊ 2008ರಲ್ಲಿ ಮಲಾಕಾದ ಜೊತೆ ಈ ಊರಿಗೆ ವಿಶ್ವ ಪರಂಪರೆಯ ಪಟ್ಟ ಕೊಟ್ಟದ್ದು ಹಲವು ಜನಾಂಗಗಳು ಕೂಡಿ ಬದುಕುತ್ತಿರುವ ವ್ಯಾಪಾರಿ ಊರು ಎಂಬ ಕಾರಣಕ್ಕೆ, ಗೋಡೆಚಿತ್ರಕ್ಕಲ್ಲ. ಆ ಹೊತ್ತಿಗಾಗಲೇ ಬದುಕು ಸಡಿಲವಾಗತೊಡಗಿತ್ತು. 1966ರ ಬಾಡಿಗೆ ನಿಯಂತ್ರಣ ಕಾನೂನು ರದ್ದಾಗಿ, 2000ದ ಆರಂಭದಿಂದ ಮಾಲೀಕರ ಕೈ ಬಿಚ್ಚಿದಂತಾಯಿತು. ಬಾಡಿಗೆ ಏರಿತು. ತಲೆಮಾರುಗಳಿಂದ ಕೆಳಗೆ ಅಂಗಡಿ, ಮೇಲೆ ಮನೆ ಮಾಡಿಕೊಂಡಿದ್ದವರು ಊರಾಚೆಯ ಫ್ಲ್ಯಾಟುಗಳಿಗೆ ಹೋದರು. ಆ ಅಂಗಡಿ-ಮನೆಗಳಲ್ಲಿ ಎಷ್ಟೋ ಈಗ ಬೂಟಿಕ್ ಹೋಟೆಲ್, ಕೆಫೆ.

ಹಾಗಾದರೆ ಪ್ರವಾಸಿ ಎಲ್ಲಿ ಉಳಿಯಬೇಕು? ಬಟು ಫೆರಿಂಘಿಯಲ್ಲಂತೂ ಬೇಡ. ಬೀಚೇ ಬೇಕೆಂದರೆ ಲಂಕಾವಿಗೆ ಹೋಗಿ. ಪೆನಾಂಗಿನ ಕಡಲು ಅದರ ಮುಂದೆ ನಿಲ್ಲುವುದಿಲ್ಲ. ಉಳಿದದ್ದು ಅದೇ ಅಂಗಡಿ-ಮನೆಯ ಹೋಟೆಲು. ಬಾಡಿಗೆ ಏರಿಸಿದವರಲ್ಲಿ ನಾವೂ ಸೇರುತ್ತೇವೆ ಎಂಬ ಮುಜುಗರ ಇದ್ದೇ ಇರುತ್ತದೆ. ಆದರೂ ಅಲ್ಲೇ ಉಳಿಯಿರಿ ಎನ್ನುತ್ತೇನೆ. ಪರಂಪರೆಯ ಮುಖ್ಯ ಭಾಗ ಸುಮಾರು 109 ಹೆಕ್ಟೇರ್, ಅಂದರೆ 270 ಎಕರೆ. ಅಂಗಡಿಗಳ ಮುಂದಿನ ಐದಡಿಯ ಜಗಲಿಗಳ ನೆರಳಲ್ಲೇ ಬಹುಪಾಲು ನಡೆಯಬಹುದು. ಚ್ಯೂ ಜೆಟ್ಟಿಯ ಕಡಲ ಮೇಲಿನ ಕಂಬದ ಮನೆಗಳಲ್ಲಿ ಜನ ಇನ್ನೂ ಸಂಸಾರ ಮಾಡುತ್ತಿದ್ದಾರೆ. ಅವರ ಕಿಟಕಿಯೊಳಗೆ ಕ್ಯಾಮೆರಾ ತೂರಿಸಬಾರದು ಎಂಬುದು ಯಾವ ಯೋಜನೆಯಲ್ಲಾದರೂ ಇರಬೇಕಾಗಿತ್ತು.

ಗಡಿಯಾರದ ವಿಷಯದಲ್ಲೂ ಈ ಪಟ್ಟಿಗಳು ಎಡವುತ್ತವೆ. ಇಲ್ಲಿನ ಗಾಡಿಯವರು ಒಂದೇ ತಿಂಡಿ ಮಾಡುತ್ತಾರೆ, ತಮಗೆ ಬೇಕಾದ ಹೊತ್ತಿಗೆ ತೆರೆಯುತ್ತಾರೆ, ಮುಗಿದರೆ ಮುಚ್ಚುತ್ತಾರೆ. ಹುರಿದ ಅಕ್ಕಿ ಶಾವಿಗೆಯ ಚಾರ್ ಕ್ವೇ ಟಿಯಾವ್ ಒಳ್ಳೆಯದಾಗಬೇಕಾದರೆ ಜೋರು ಉರಿಯಲ್ಲಿ ಒಂದೆರಡು ಪ್ಲೇಟ್ ಮಾತ್ರ ಹುರಿಯಬೇಕು, ಹಾಗಾಗಿ ಕಾಯಬೇಕು. ವಿದೇಶಿ ಕೆಲಸಗಾರರು ಇಂಥ ಅಡುಗೆಯ ಮುಖ್ಯ ಸೌಟು ಹಿಡಿಯಬಾರದೆಂದು ರಾಜ್ಯ ಸರ್ಕಾರ 2016ರಲ್ಲಿ ನಿಯಮ ಜಾರಿಗೆ ತಂದಿತು. ರುಚಿ ಕೈಯಿಂದ ಕೈಗೆ ಹೋಗಬೇಕು ಎಂಬ ಕಾಳಜಿ ಅರ್ಥವಾಗುತ್ತದೆ, ಆದರೆ ವಲಸಿಗರೇ ಕಟ್ಟಿದ ಅಡುಗೆಗೆ ಈ ಬೇಲಿ ನನಗೆ ವಿಚಿತ್ರವಾಗಿ ಕಾಣುತ್ತದೆ. 2022ರ ಕೊನೆಯಲ್ಲಿ ಮಿಶೆಲಿನ್ ಗೈಡ್ ಬಂದಮೇಲೆ ಅದರಲ್ಲಿ ಹೆಸರಿರುವ ಗಾಡಿಗಳನ್ನಷ್ಟೇ ಗುರುತು ಹಾಕಿಕೊಂಡು ಊರೆಲ್ಲ ಓಡುವವರಿದ್ದಾರೆ. ಗಾಡಿಯ ಬದಲು ಬೀದಿಯನ್ನು ಆರಿಸಿಕೊಳ್ಳುವುದು ಜಾಣತನ. ಬೆಳಿಗ್ಗೆ ಚೌರಸ್ತಾ ಮಾರುಕಟ್ಟೆಯ ಸುತ್ತ, ಉರಿಬಿಸಿಲಲ್ಲಿ ಪೆರನಾಕನ್ ಮಹಲು ಎಂಬ ವಸ್ತುಸಂಗ್ರಹಾಲಯದ ಒಳಗೆ, ಕತ್ತಲಾದ ಮೇಲೆ ಕಿಂಬರ್ಲಿ ಅಥವಾ ಚುಲಿಯಾ ಬೀದಿ. ಪಾಲು ಸಣ್ಣದು, ನಾಲ್ವರು ಹಂಚಿಕೊಂಡರೆ ಒಂದೇ ಸಂಜೆಗೆ ಐದಾರು ರುಚಿ ನೋಡಬಹುದು.

ಸಸ್ಯಾಹಾರಿಗಳ ವಿಷಯದಲ್ಲಿ ನಮ್ಮ ಯೋಜಕರು ತೀರಾ ಸೋಮಾರಿಗಳು. ಮೂರು ದಿನವೂ ಲಿಟ್ಲ್ ಇಂಡಿಯಾದಲ್ಲಿ ದೋಸೆ ತಿನ್ನಿಸುತ್ತಾರೆ, ಅದಕ್ಕೆ ಸಮುದ್ರ ದಾಟಬೇಕಿತ್ತೇ? ಕಷ್ಟ ನಿಜ: ಸಾಂಬಾಲ್ ಎಂಬ ಮೆಣಸಿನ ಚಟ್ನಿಯಲ್ಲಿ ಸೀಗಡಿ, ಹುರಿಯುವ ಎಣ್ಣೆಯಲ್ಲಿ ಹಂದಿ ಕೊಬ್ಬು, ರೋಜಾಕ್‌ನ ಹಣ್ಣಿನ ಮೇಲೂ ಸೀಗಡಿ ಪಾಕ. ತೆಂಗಿನಹಾಲು, ತಾಳೆಬೆಲ್ಲದ ಚೆಂಡೋಲ್ ಒಂದರಿಂದ ಹೊಟ್ಟೆ ತುಂಬದು. ಆದರೆ ಚೀನೀ ಬೌದ್ಧರ ಸಸ್ಯಾಹಾರದ ಅಂಗಡಿಗಳಿವೆ. ಚಾಂದ್ರಮಾನದ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಪಾಡ್ಯ, ಹುಣ್ಣಿಮೆಗಳಂದು, ಅಲ್ಲಿ ಜನ ಹೆಚ್ಚು. ಅದೇ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ, ಹೆಚ್ಚಾಗಿ ಅಕ್ಟೋಬರ್‌ನಲ್ಲಿ, ನವ ಚಕ್ರವರ್ತಿ ದೇವತೆಗಳ ಹಬ್ಬ. ಆಗ ಹಳದಿ ಬಾವುಟ ಕಟ್ಟಿದ ಗಾಡಿಗಳಲ್ಲಿ ಮಾಂಸ, ಮೀನು ಇಲ್ಲದ ತಿಂಡಿಗಳು ಸಾಲುಸಾಲಾಗಿ ಸಿಗುತ್ತವೆ. ಮಳೆಗಾಲ ಎಂದು ಯೋಜಕರು ಅಕ್ಟೋಬರ್ ತಪ್ಪಿಸುತ್ತಾರೆ, ನಮ್ಮವರಿಗೆ ತಕ್ಕ ತಿಂಗಳು ಅದೇ. 2023, 2024ರಲ್ಲಿ ಈ ಹಬ್ಬ ನಮ್ಮ ನವರಾತ್ರಿಯ ದಿನಗಳಲ್ಲೇ ಬಂತು. 2025ರಲ್ಲಿ ಮಾತ್ರ ಚೀನೀ ಪಂಚಾಂಗಕ್ಕೆ ಅಧಿಕ ಮಾಸ ಸೇರಿ, ದೀಪಾವಳಿಯ ಬೆನ್ನಿಗೆ ಸರಿಯಿತು. ದಸರಾ ರಜೆ ಎಂದು ಕಣ್ಣುಮುಚ್ಚಿ ಟಿಕೆಟ್ ಮಾಡಿಸುವ ಮೊದಲು ಅವರ ಪಂಚಾಂಗವನ್ನೂ ಒಮ್ಮೆ ತಿರುವಿ ಹಾಕಿ.