ಕಲೆಯೂ ಕಳಂಕವೂ



ಕಥೆ, ಕವಿತೆ, ನಾಟಕಗಳನ್ನು ವಿಮರ್ಶಿಸುವುದು ನಮ್ಮಲ್ಲಿ ವಾಡಿಕೆ. ಜಾಹೀರಾತನ್ನು ವಿಮರ್ಶೆಗೆ ಎತ್ತಿಕೊಳ್ಳುವವರು ವಿರಳ. ಆದರೆ ನಮ್ಮ ಮನೆಗಳಲ್ಲಿ ಕವಿತೆಗಿಂತ ಹೆಚ್ಚಾಗಿ ಓದಿಸಿಕೊಳ್ಳುವ ಬರಹ ಅದೇ. ಚರ್ಮದ ಲೇಸರ್ ಚಿಕಿತ್ಸೆಯ ಜಾಹೀರಾತುಗಳು ಇಂದು ಮಹಾನಗರಗಳಿಗೆ ಸೀಮಿತವಾಗಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ನಮ್ಮ ಊರುಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿ ನಮ್ಮನ್ನೂ ಕರೆಯುತ್ತಿವೆ. ಇಂಥ ಬರಹದ ಸಾಮಾನ್ಯ ಒಕ್ಕಣೆಯನ್ನು ಕೊಂಚ ನಿಧಾನವಾಗಿ ಓದಿ ನೋಡೋಣ.

ಊರುಗಳನ್ನು ಪೋಣಿಸಿದಂತೆಯೇ ಅದು ಮೂರು ಸಂಗತಿಗಳನ್ನೂ ಪೋಣಿಸುತ್ತದೆ: ಗಾಯದ ಕಲೆ, ಮುಖದ ಬಂಗು, ವಯಸ್ಸಿನ ಸುಕ್ಕು. ಮೂರಕ್ಕೂ ಒಂದೇ ಯಂತ್ರ, ಒಂದೇ ಭರವಸೆ. ನನ್ನ ಮೊದಲ ಆಕ್ಷೇಪ ಆ ಮೂರರ ನಡುವೆ ಇರುವ ಅಲ್ಪವಿರಾಮಗಳ ಬಗ್ಗೆ. ಮೊದಲನೆಯದು ಅನುಭವಿಸಿದ ನೋವಿನ ಶೇಷ. ಎರಡನೆಯದು ವೈದ್ಯರು ಪರೀಕ್ಷಿಸಬೇಕಾದ ಸ್ಥಿತಿ. ಮೂರನೆಯದು ಕಾಯಿಲೆಯೇ ಅಲ್ಲ. ಈ ಮೂರನ್ನೂ ಸರಿಸಮವಾದ ದೋಷಗಳೆಂದು ನಂಬಿಸುವುದರಲ್ಲಿಯೇ ಜಾಹೀರಾತಿನ ಶಕ್ತಿ ಅಡಗಿದೆ. ಅದರ ಅಸತ್ಯವೂ ಅಲ್ಲಿಯೇ ಇದೆ.

ಮೊದಲು ವಿಜ್ಞಾನಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳನ್ನು ಬಳಸಿ ಮೊತ್ತಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದರು. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವೈದ್ಯರು ಒಂದು ತತ್ವವನ್ನು ಮುಂದಿಟ್ಟರು. ತಕ್ಕ ಬಣ್ಣದ ಬೆಳಕನ್ನು ಕ್ಷಣಾರ್ಧಕ್ಕಿಂತಲೂ ಕಡಿಮೆ ಕಾಲ ಹಾಯಿಸಿದರೆ ಅದನ್ನು ಹೀರಿಕೊಳ್ಳುವ ಕಣಗಳು ಮಾತ್ರ ಕಾದು ಒಡೆಯುತ್ತವೆ, ಸುತ್ತಲಿನ ಚರ್ಮ ಉಳಿಯುತ್ತದೆ ಎಂಬುದೇ ಆ ತತ್ವ. ಹಚ್ಚೆಯ ಮಸಿ, ಕೆಲವು ಬಗೆಯ ಹುಟ್ಟುಮಚ್ಚೆಗಳು ಲೇಸರಿಗೆ ಮಣಿಯುವುದು ಹೀಗೆ. 2004ರಲ್ಲಿ ಮಂಡಿತವಾದ ‘ಫ್ರ್ಯಾಕ್ಷನಲ್’ ವಿಧಾನದಲ್ಲಿ ಇಡೀ ಚರ್ಮವನ್ನು ಸುಡುವುದಿಲ್ಲ. ಸೂಜಿಮೊನೆಗಿಂತ ಸಣ್ಣ ಅಸಂಖ್ಯ ಚುಕ್ಕೆಗಳನ್ನು ಮಾತ್ರ ಕಾಯಿಸಿ, ನಡುವೆ ಉಳಿದ ಆರೋಗ್ಯವಂತ ಚರ್ಮದಿಂದಲೇ ಗಾಯ ಮಾಯುವಂತೆ ಮಾಡುತ್ತಾರೆ. ಇದು ಮಾನವ ಬುದ್ಧಿಯ ಸುಂದರ ಫಲ. ಇದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ.

ಈಗ ಗಾಯದ ಕಲೆಗೆ ಬರೋಣ. ನಮ್ಮದು ಕಬ್ಬಿನ ನಾಡು. ಬೆಲ್ಲದ ಗಾಣದಲ್ಲಿ ಕುದಿಯುವ ಪಾಕ, ಅಡುಗೆಮನೆಯ ಸ್ಟೋವು, ಬಿಸಿನೀರಿನ ಹಂಡೆ ಇವೆಲ್ಲ ನಮಗೆ ಅಪರಿಚಿತವಲ್ಲ. ಸುಟ್ಟ ಗಾಯದ ಗುರುತನ್ನು ಮುಖದ ಮೇಲೆ ಹೊತ್ತು ಬೆಳೆಯುವ ಹುಡುಗಿಗೆ, ಕನ್ನಡಿಯೂ ನೆಂಟರ ಕಣ್ಣುಗಳೂ ದಿನನಿತ್ಯ ಆ ಅಪಘಾತವನ್ನು ನೆನಪಿಸುತ್ತವೆ. ಅಂಥವಳಿಗೆ “ಹಣೆಬರಹ, ಹಾಗೆಯೇ ಇರಲಿ ಬಿಡು” ಎನ್ನುವ ಹಿರಿಯರ ಮಾತು ವೈರಾಗ್ಯವಲ್ಲ, ಕಾಠಿಣ್ಯ. ಅವಳಿಗೆ ಚಿಕಿತ್ಸೆ ಬೇಕೆನಿಸಿದರೆ ಅದು ಶೋಕಿಯಲ್ಲ. ಆದರೆ ಜಾಹೀರಾತು ಇಲ್ಲಿ ಬಳಸುವ ಕ್ರಿಯಾಪದ ತಪ್ಪು. ಲೇಸರ್ ಕಲೆಯನ್ನು ‘ಅಳಿಸುವುದಿಲ್ಲ’. ಗಡಸಾದುದನ್ನು ಮೆದುಗೊಳಿಸುತ್ತದೆ, ಉಬ್ಬುತಗ್ಗುಗಳನ್ನು ಕಡಿಮೆ ಮಾಡುತ್ತದೆ. ಮೊಡವೆಯ ಕುಳಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅದಕ್ಕೂ ವಾರಗಳ ಅಂತರದಲ್ಲಿ ಹಲವು ಸರದಿಗಳು ಬೇಕು. ಚರ್ಮ ಬಿಗಿದು ಕುತ್ತಿಗೆಯೋ ಬೆರಳೋ ಮಡಚಿಕೊಂಡಿದ್ದರೆ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮಗಳೇ ಮುಖ್ಯ. ‘ತಗ್ಗಿಸುತ್ತದೆ’ ಎಂಬ ಪ್ರಾಮಾಣಿಕ ಪದವನ್ನು ಕೇಳಿ ಹೋದವಳು ಸಮಾಧಾನದಿಂದ ಹಿಂದಿರುಗುತ್ತಾಳೆ. ‘ಅಳಿಸುತ್ತದೆ’ ಎಂಬುದನ್ನು ನಂಬಿ ಹೋದವಳು ಎರಡನೆಯ ಬಾರಿ ಗಾಯಗೊಳ್ಳುತ್ತಾಳೆ.

ಎರಡನೆಯದು ಬಣ್ಣದ ಮಾತು. ಇಲ್ಲಿ ಯಂತ್ರವೂ ನಿಷ್ಪಕ್ಷಪಾತಿಯಲ್ಲ ಎಂಬುದನ್ನು ನಾವು ಅರಿಯಬೇಕು. ಬಂಗಿಗೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ನಮ್ಮ ಸಹಜ ಮೈಬಣ್ಣವೂ ಅದರದ್ದೇ. ಮೆಲನಿನ್ನನ್ನು ಹುಡುಕಿ ಹೊರಟ ಕಿರಣಕ್ಕೆ ‘ಇದು ಮಚ್ಚೆ, ಇದು ಮೈಬಣ್ಣ’ ಎಂಬ ಭೇದ ತಾನಾಗಿ ತಿಳಿಯದು. 1975ರಲ್ಲಿ ಫಿಟ್ಸ್‌ಪ್ಯಾಟ್ರಿಕ್ ಎಂಬ ವೈದ್ಯರಿಂದ ಆರಂಭವಾಗಿ, ಈಗ ಚರ್ಮವನ್ನು ಆರು ವರ್ಗಗಳಾಗಿ ವಿಂಗಡಿಸುವ ಪದ್ಧತಿಯಲ್ಲಿ ನಮ್ಮ ಜನರಲ್ಲಿ ಬಹುಪಾಲು ನಾಲ್ಕು ಮತ್ತು ಐದನೆಯ ವರ್ಗಗಳಿಗೆ ಸೇರುತ್ತಾರೆ. ಇಂಥ ಚರ್ಮಕ್ಕೆ ಪ್ರಮಾಣ ತಪ್ಪಿದ ಕಿರಣ ತಗುಲಿದರೆ ಸುಟ್ಟು, ಮೊದಲಿಗಿಂತ ಕಪ್ಪಾದ ಮಚ್ಚೆಯೋ ಬಿಳಿಯ ಗುರುತೋ ಉಳಿಯಬಹುದು. ಬಂಗಂತೂ ಬಿಸಿಲು, ಗರ್ಭಧಾರಣೆ, ಹಾರ್ಮೋನುಗಳ ಏರುಪೇರುಗಳಿಂದ ಮರಳಿ ಮರಳಿ ಬರುವಂಥದ್ದು. ಆದುದರಿಂದಲೇ ಬಲ್ಲ ವೈದ್ಯರು ಮೊದಲು ಬಿಸಿಲಿನಿಂದ ರಕ್ಷಣೆಯನ್ನೂ ಲೇಪನವನ್ನೂ ಹೇಳಿ, ಲೇಸರನ್ನು ಕೊನೆಗೆ, ಅದೂ ಎಚ್ಚರದಿಂದ ಬಳಸುತ್ತಾರೆ.

ಇಲ್ಲಿ ಇನ್ನೊಂದು ಅಪಾಯವೂ ಇದೆ. ಚರ್ಮದ ಮೇಲಿನ ಪ್ರತಿಯೊಂದು ಮಚ್ಚೆಯೂ ಸೌಂದರ್ಯದ ಪ್ರಶ್ನೆಯಲ್ಲ. ಬಣ್ಣ ತಿಳಿಯಾಗಿ, ಮುಟ್ಟಿದರೆ ಅರಿವಾಗದ ಮಚ್ಚೆ ಕುಷ್ಠರೋಗದ ಮೊದಲ ಸೂಚನೆಯಾಗಿರಬಹುದು. ಅದಕ್ಕೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ಔಷಧಿಯಿದೆ. ಬೇಗನೆ ಆರಂಭಿಸಿದರೆ ಅಂಗವೈಕಲ್ಯವಿಲ್ಲದೆ ಗುಣವಾಗುತ್ತದೆ. ರೋಗವನ್ನು ಗುರುತಿಸುವ ಮೊದಲೇ ಹೊಳಪು ಕೊಡಲು ಹೊರಡುವ ಬರಹ ನಮ್ಮ ಹಿತವನ್ನು ಬಯಸುವ ಬರಹವಲ್ಲ. ಔಷಧಿ ಅಂಗಡಿಯಲ್ಲಿ ಕೇಳಿ ತಂದು ಮುಖಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮುಗಳ ವಿಷಯವೂ ಅಷ್ಟೇ. ಅವು ಚರ್ಮವನ್ನು ತೆಳುವಾಗಿಸಿ ಕೆಂಪೇರಿಸುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮವನ್ನು ಬಿಗಿಗೊಳಿಸಿತು.

ಬಂಗಿನ ಹೆಸರಿನಲ್ಲಿ ನಿಜವಾಗಿ ಮಾರಾಟವಾಗುವುದು ಬಿಳುಪಿನ ಆಸೆ. ‘ಫೇರ್ ಅಂಡ್ ಲವ್ಲಿ’ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಕಪ್ಪು ಬಣ್ಣದವರನ್ನು ಅನಾಕರ್ಷಕರು, ಅಸುಖಿಗಳು ಎಂದು ಬಿಂಬಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿಯು 2014ರಲ್ಲಿ ಸೂಚಿಸಿತು. 2020ರಲ್ಲಿ ಆ ಲೇಪನದ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂದಿತು. ಪದ ಬದಲಾಯಿತು, ಹೆಣ್ಣು ನೋಡಲು ಬಂದವರ ಪ್ರಶ್ನೆ ಬದಲಾಗಿದೆಯೇ? ಕೃಷ್ಣೆಯ ದಂಡೆಯ ಎರೆಭೂಮಿಯನ್ನು ನೋಡಿರಿ. ಅದರ ಕಪ್ಪನ್ನು ಯಾವ ರೈತನೂ ದೋಷವೆಂದು ಎಣಿಸುವುದಿಲ್ಲ. ಕಪ್ಪಾದಷ್ಟೂ ಬೆಲೆ ಹೆಚ್ಚು ಎನ್ನುತ್ತಾನೆ. ಹೊಲದ ವಿಷಯದಲ್ಲಿ ಇರುವ ಈ ವಿವೇಕ ಮಗಳ ವಿಷಯದಲ್ಲಿ ಏಕೆ ಮರೆಯಾಗುತ್ತದೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಕಟ್ಟಿದವರೂ ನಾವೇ ಅಲ್ಲವೇ?

ಮೂರನೆಯದು ‘ಪುನರ್ಯೌವನ’. ಪದ ಘನವಾಗಿದೆ. ಪುರಾಣದ ಯಯಾತಿಗೂ ಯೌವನ ಮರಳಿ ಬಂದಿತ್ತು. ಆದರೆ ಅವನ ಮುಪ್ಪನ್ನು ಮಗ ಪುರು ಹೊರಬೇಕಾಯಿತು. ಮರಳಿ ಪಡೆದ ಯೌವನದ ಬೆಲೆಯನ್ನು ಮನೆಯಲ್ಲಿ ಯಾರೋ ಒಬ್ಬರು ತೆರುತ್ತಾರೆ ಎಂಬ ಅರಿವು ಆ ಕಥೆಯಲ್ಲಿದೆ. ಜಾಹೀರಾತು ಒಂದು ಸರದಿಯ ದರವನ್ನು ಹೇಳಬಹುದು. ಒಟ್ಟು ಎಷ್ಟು ಸರದಿಗಳು ಎಂಬುದನ್ನು ಹೇಳುವುದಿಲ್ಲ. ಲೇಸರ್ ಸಣ್ಣ ಸುಕ್ಕುಗಳನ್ನು ಕೆಲಕಾಲ ತಿಳಿಗೊಳಿಸುವುದು ನಿಜ. ಆದರೆ ವಯಸ್ಸು ನಿಲ್ಲುವುದಿಲ್ಲವಾದ್ದರಿಂದ ಚಿಕಿತ್ಸೆಯೂ ನಿಲ್ಲುವುದಿಲ್ಲ. ತನ್ನ ದುಡಿಮೆಯ ಹಣದಿಂದ ಒಬ್ಬರು ಇದನ್ನು ಬಯಸಿದರೆ ಅವರನ್ನು ಗೇಲಿ ಮಾಡುವ ಹಕ್ಕು ನಮಗಿಲ್ಲ. ಸಾಲ ಮಾಡಿಯಾದರೂ ಬೇಕು ಎನಿಸುವಂತೆ ಮಾಡುವ ಬರಹವನ್ನು ಮಾತ್ರ ಪ್ರಶ್ನಿಸಲೇಬೇಕು.

ಕೊನೆಯದಾಗಿ, ಈ ಬರಹದಲ್ಲಿ ಓದುಗನನ್ನು ಯಾರೆಂದು ಕಲ್ಪಿಸಿಕೊಳ್ಳಲಾಗಿದೆ? ಲೇಸರ್ ಆದ ಮೇಲೆ ವಾರಗಟ್ಟಲೆ ಬಿಸಿಲಿಗೆ ಮುಖವೊಡ್ಡಬಾರದು. ಅಥಣಿಯ ಕಬ್ಬಿನ ಹೊಲದಲ್ಲಿ, ನಿಪ್ಪಾಣಿಯ ತಂಬಾಕಿನ ಹೊಲದಲ್ಲಿ ಕೂಲಿ ಮಾಡುವ ತಾಯಿ ಎಲ್ಲಿಯ ನೆರಳನ್ನು ಅರಸಬೇಕು? ಊರಿನ ಹೆಸರನ್ನು ಬರೆದವರು ಊರಿನ ಬಿಸಿಲನ್ನು ಬರೆಯಲಿಲ್ಲ.

ಆದುದರಿಂದ ಓದುಗರೇ, ಇಂಥ ಜಾಹೀರಾತು ಕೈಗೆ ಬಂದಾಗ ಅದು ಹೇಳದೆ ಬಿಟ್ಟದ್ದನ್ನು ಕೇಳಿರಿ. ಚಿಕಿತ್ಸೆ ಮಾಡುವವರು ಚರ್ಮರೋಗದಲ್ಲಿ ಸ್ನಾತಕೋತ್ತರ ಪದವಿ ಪಡೆದು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರೇ? ಮೊದಲು ಚಿಕ್ಕ ಜಾಗದಲ್ಲಿ ಪರೀಕ್ಷಿಸಿ ನೋಡುವರೇ? ಒಟ್ಟು ಸರದಿಗಳೆಷ್ಟು, ಖರ್ಚೆಷ್ಟು? ಕಪ್ಪಾದರೆ ಮುಂದೇನು? ಕಣ್ಣಿಗೆ ರಕ್ಷಣೆ ಕೊಡುವರೇ? ಉತ್ತರಿಸಲು ಬೇಸರಿಸುವ ಕಡೆ ಮುಖವನ್ನು ಒಪ್ಪಿಸಬೇಡಿರಿ.

ಜಾಹೀರಾತು ಅಲ್ಪವಿರಾಮ ಹಾಕಿದ ಕಡೆಗಳಲ್ಲಿ ನಾವು ಪೂರ್ಣವಿರಾಮ ಹಾಕೋಣ. ಸುಟ್ಟ ಗಾಯದ ಮಗುವಿಗೆ ಚಿಕಿತ್ಸೆಯನ್ನು ದೊರಕಿಸಿಕೊಡೋಣ. ಬಂಗು ಬಂದವಳನ್ನು ವೈದ್ಯರ ಬಳಿಗೆ ಕರೆದೊಯ್ಯೋಣ. ಕಪ್ಪಗೆ ಹುಟ್ಟಿದವಳಿಗೆ, ಸುಕ್ಕುಗಟ್ಟಿದ ಅಜ್ಜಿಗೆ ಮಾತ್ರ ಏನನ್ನೂ ಸರಿಪಡಿಸಬೇಕಾಗಿಲ್ಲ ಎಂಬುದನ್ನು ಮನೆಯವರೇ ಬಾಯಿಬಿಟ್ಟು ಹೇಳೋಣ. ಕಲೆ ಚರ್ಮದ ಮೇಲಿರುತ್ತದೆ. ಅದನ್ನು ಕಳಂಕವೆಂದು ಮೊದಲು ಕರೆಯುವುದು ಎಷ್ಟೋ ಸಲ ನಮ್ಮ ಮನೆಯ ಮಾತೇ.