ದಿಲ್ಲಿಯ ಸಂಜೆಯೂ ನಮ್ಮ ಮನೆಯ ಜ್ವರವೂ

ಅಹ್ಮದ್ ಅಲಿಯವರ ‘ಟ್ವಿಲೈಟ್ ಇನ್ ಡೆಲ್ಲಿ’ 1940ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮುಂದೆ ಅವರ ಪತ್ನಿ ಬಿಲ್ಕೀಸ್ ಜಹಾನ್ ಅದನ್ನು ‘ದಿಲ್ಲಿ ಕೀ ಶಾಮ್’ ಎಂದು ಉರ್ದುವಿಗೆ ತಂದರು. ಹಳೆ ದಿಲ್ಲಿಯ ಮುಸ್ಲಿಂ ಕುಟುಂಬವೊಂದರ ಅವನತಿಯ ಕಥೆಯೆಂದೇ ನಾವು ಅದನ್ನು ಓದುತ್ತ ಬಂದಿದ್ದೇವೆ. ಮೀರ್ ನಿಹಾಲರ ಪಾರಿವಾಳಗಳು, ಗಲ್ಲಿಗಳ ಕೂಗು, ಕಳೆದುಹೋದ ಬಾದಶಾಹಿ ಇವೆಲ್ಲ ನಮ್ಮ ನೆನಪಿನಲ್ಲಿ ಉಳಿಯುತ್ತವೆ. ನಡುವೆ ಬರುವ 1918ರ ಇನ್‌ಫ್ಲುಯೆಂಜಾ ಜ್ವರದ ಪುಟಗಳನ್ನು ಮಾತ್ರ ಅವಸರದಲ್ಲಿ ದಾಟಿಬಿಡುತ್ತೇವೆ.

ಆ ಪುಟಗಳಲ್ಲಿ ಕಥೆಗಾರನ ಕಣ್ಣು ಬಹಳ ಎಚ್ಚರವಾಗಿದೆ. ಸಾವು ಹೆಚ್ಚಿದಂತೆ ಗೋರಿ ತೋಡುವವರ ಕೂಲಿ ಏರುತ್ತದೆ. ಕಫನ್ ಕದಿಯುವವರು ಹುಟ್ಟಿಕೊಳ್ಳುತ್ತಾರೆ. ರೋಗವನ್ನು ದೇವರ ಲೆಕ್ಕಕ್ಕೆ ಬರೆದರೂ ಅದರ ಸುತ್ತ ನಡೆಯುವ ವ್ಯಾಪಾರ ಮನುಷ್ಯರದೇ ಎಂಬುದನ್ನು ಅವರು ಮರೆಮಾಚುವುದಿಲ್ಲ. ಅದೇ ಜ್ವರದಲ್ಲಿ ಪತ್ನಿಯನ್ನು ಕಳೆದುಕೊಂಡ ಹಿಂದಿ ಕವಿ ನಿರಾಲಾ, ಹೆಣಗಳಿಂದ ತುಂಬಿದ ಗಂಗೆಯನ್ನು ‘ಕುಲ್ಲೀ ಭಾಟ್’ನಲ್ಲಿ ದಾಖಲಿಸಿದರು. ಭಾರತದಲ್ಲಿ ಆಗ ಸತ್ತವರು ಒಂದು ಕೋಟಿಗೂ ಹೆಚ್ಚು ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ.

ಆದರೆ ಕಾದಂಬರಿಯ ಒಟ್ಟು ಧಾಟಿ ವಿಧಿಗೆ ತಲೆಬಾಗುವಂಥದ್ದು. ಜ್ವರವೂ ಅಲ್ಲಿ ದಿಲ್ಲಿಯ ಹಣೆಬರಹದ ಒಂದು ಸಾಲು. ಇದನ್ನು ಲೇಖಕರ ದೋಷ ಎನ್ನಲಾಗದು. ಮನುಷ್ಯರಲ್ಲಿ ಫ್ಲೂ ವೈರಸ್ಸನ್ನು ಗುರುತಿಸಿದ್ದೇ 1933ರಲ್ಲಿ. ಅಮೆರಿಕದಲ್ಲಿ ಜನಸಾಮಾನ್ಯರಿಗೆ ಅದರ ಲಸಿಕೆ ಕೊಡಲು ಅನುಮತಿ ಸಿಕ್ಕಿದ್ದು 1945ರಲ್ಲಿ. 1918ರ ದಿಲ್ಲಿಯಲ್ಲಿ ಹಕೀಮರ ಕೈಯೂ ಡಾಕ್ಟರರ ಕೈಯೂ ಬರಿದಾಗಿತ್ತು. ಅಂದು ‘ತಕ್‌ದೀರ್’ ಎಂಬ ಮಾತು ಪ್ರಾಮಾಣಿಕವಾಗಿತ್ತು.

ಇಂದು ಆ ಮಾತನ್ನು ನಾವು ಅಷ್ಟೇ ಪ್ರಾಮಾಣಿಕವಾಗಿ ಆಡಬಲ್ಲೆವೇ? ಕೊನೆಯ ಪುಟಗಳಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿಯುವ ಮೀರ್ ನಿಹಾಲರಂಥ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. 1918ರ ಜ್ವರ ಹರೆಯದವರನ್ನೂ ದೊಡ್ಡ ಸಂಖ್ಯೆಯಲ್ಲಿ ಕೊಂಡೊಯ್ಯಿತು. ವರ್ಷ ವರ್ಷ ಬರುವ ಫ್ಲೂ ಹೆಚ್ಚಾಗಿ ಕಾಡುವುದು ವೃದ್ಧರನ್ನು, ಗರ್ಭಿಣಿಯರನ್ನು, ಎಳೆಯ ಮಕ್ಕಳನ್ನು, ಸಕ್ಕರೆ ಕಾಯಿಲೆ, ದಮ್ಮು, ಹೃದಯ ಮತ್ತು ಮೂತ್ರಪಿಂಡದ ತೊಂದರೆ ಇರುವವರನ್ನು. ಜಗತ್ತಿನಲ್ಲಿ ಪ್ರತಿವರ್ಷ 2.9ರಿಂದ 6.5 ಲಕ್ಷ ಮಂದಿ ಇದರಿಂದ ಉಸಿರಾಟ ಕೆಟ್ಟು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೂ ಮಳೆಗಾಲದಲ್ಲಿ ಹಿರಿಯರೊಬ್ಬರು ತೀರಿಕೊಂಡರೆ “ವಯಸ್ಸಾಗಿತ್ತು, ಜ್ವರ ಒಂದು ನೆವ ಅಷ್ಟೆ” ಎನ್ನುತ್ತೇವೆ. ಈ ‘ನೆವ’ ಎಂಬ ಪದವೇ ನಮ್ಮ ಹೊಣೆಯನ್ನು ಇಳಿಸಿಬಿಡುತ್ತದೆ.

ಲಸಿಕೆ ನಮಗೆ ಅಪರಿಚಿತವೇನಲ್ಲ. ಹಜ್‌ಗೆ ಹೊರಡುವವರಿಗೆ ಮೆನಿಂಜೈಟಿಸ್ ಲಸಿಕೆ ಕಡ್ಡಾಯ. ಅದರೊಂದಿಗೆ 65 ದಾಟಿದ ಯಾತ್ರಿಕರಿಗೆ ಫ್ಲೂ ಲಸಿಕೆಯನ್ನೂ ಕೊಡುವ ಏರ್ಪಾಡು ನಮ್ಮಲ್ಲಿದೆ. ಮಕ್ಕಳು ಮುಂದೆ ನಿಂತು ತಂದೆ-ತಾಯಿಗೆ ಸೂಜಿ ಹಾಕಿಸುತ್ತಾರೆ. ಅದೇ ಹಾಜಿಗಳು ಮರುವರ್ಷ ಮನೆಯಲ್ಲಿರುವಾಗ ಯಾರಿಗೂ ಅದರ ನೆನಪಿರುವುದಿಲ್ಲ. ನಾವು ಲಸಿಕೆಯನ್ನು ಪಾಸ್‌ಪೋರ್ಟಿನ ಜೊತೆ ಇಡುವ ಕಾಗದ ಮಾಡಿದ್ದೇವೆ. ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ, ಲಸಿಕೆಯ ಬಲವೂ ತಿಂಗಳುಗಳಲ್ಲಿ ಕುಗ್ಗುತ್ತದೆ. ಆದ್ದರಿಂದ ಅದನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ಮೈಯಲ್ಲಿ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು. ನಮ್ಮಲ್ಲಿ ಫ್ಲೂ ಏರುವುದು ಮಳೆಗಾಲದಲ್ಲಿ ಮತ್ತು ಚಳಿಗಾಲದ ಕೊನೆಗೆ. ಹಾಗಾಗಿ ಮಳೆ ಹಿಡಿಯುವ ಮೊದಲೇ ಸೂಜಿ ಬಿದ್ದರೆ ಒಳ್ಳೆಯದು. ಅದು ಎಲ್ಲ ಜ್ವರವನ್ನೂ ತಡೆಯುವುದಿಲ್ಲ. ಫ್ಲೂ ಉಲ್ಬಣಿಸಿ ಆಸ್ಪತ್ರೆ ಸೇರುವ ಅಪಾಯವನ್ನು ತಗ್ಗಿಸುತ್ತದೆ. ಸಾಮಾನ್ಯವಾಗಿ ಹಾಕುವ ಸೂಜಿಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ಅದರಿಂದಲೇ ಫ್ಲೂ ಬರುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಸರಕಾರದ ಪಾಲೂ ಇದರಲ್ಲಿದೆ. ದೇಶದ ಉಚಿತ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆ ಇನ್ನೂ ಸೇರಿಲ್ಲ. ಖಾಸಗಿಯಾಗಿ ಹಾಕಿಸಲು ಬೀಡಿ ಕಟ್ಟುವ ಹೆಂಗಸೊಬ್ಬಳ ಹಲವು ದಿನಗಳ ದುಡಿಮೆ ಬೇಕು. ಯಾತ್ರೆಗೆ ಹೋಗಬಲ್ಲ ವೃದ್ಧನಿಗೆ ಸಿಗುವ ರಕ್ಷಣೆ, ಹೋಗಲಾರದ ವೃದ್ಧೆಗೆ ಏಕಿಲ್ಲ ಎಂದು ನಮ್ಮ ಜಮಾಅತುಗಳು, ಸಂಘಟನೆಗಳು ಕೇಳಬೇಕಲ್ಲವೇ?

ಗೋರಿ ತೋಡುವ ಕೂಲಿ ಏರಿದ್ದನ್ನು ಅಹ್ಮದ್ ಅಲಿ ಬರೆದಿಟ್ಟರು. ಅವರ ಕಾಲದ ಬರಹಗಾರನಿಗೆ ಸಾಧ್ಯವಿದ್ದದ್ದು ಅಷ್ಟೇ. ಅವರ ಪುಟಗಳನ್ನು ಓದಿ ಕಣ್ಣು ಒದ್ದೆ ಮಾಡಿಕೊಳ್ಳುವ ನಾವು ಅದಕ್ಕಿಂತ ಹೆಚ್ಚಿನದನ್ನು ಮಾಡಬಲ್ಲೆವು.